ಪುಕ್ಕಟೆ ಪಾಠದ ಪೇಟೆಯಲ್ಲಿ ದಾರಿ ತಪ್ಪದಿರಲು

'ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು' ಎಂಬ ಗಾದೆಗೆ ಒಂದು ಕಾಲಕ್ಕೆ ನಾನೇ ಉದಾಹರಣೆಯಾಗಿದ್ದೆ. ಲಾಕ್‌ಡೌನ್ ದಿನಗಳಲ್ಲಿ ಆನ್‌ಲೈನ್ ಕೋರ್ಸುಗಳಿಗೆ ಹೆಸರು ಕೊಡುವ ಹುಚ್ಚು ಹತ್ತಿಕೊಂಡಿತ್ತು. ಖಗೋಳ ವಿಜ್ಞಾನ, ಜರ್ಮನ್ ಭಾಷೆ, ಪೈಥಾನ್ ಪ್ರೋಗ್ರಾಮಿಂಗ್, ಜೇನು ಸಾಕಣೆ, ರೋಮನ್ನರ ಕಟ್ಟಡಗಳು ಎಂದು ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರು ಕೊಟ್ಟೆ. ಒಟ್ಟು ಹತ್ತೊಂಬತ್ತು. ಎಷ್ಟು ಮುಗಿಸಿದಿರಿ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಒಂದೂ ಇಲ್ಲ. ಜೇನು ಸಾಕಣೆಯ ಕೋರ್ಸಿನವರು ಇವತ್ತಿಗೂ 'ನಿಮಗಾಗಿ ಕಾಯುತ್ತಿದ್ದೇವೆ' ಎಂದು ಇಮೇಲ್ ಕಳಿಸುತ್ತಾರೆ.

ದುಡ್ಡು ಕೊಟ್ಟು ಸೇರಿದ ಟ್ಯೂಷನ್ ಆದರೆ ಕೊಟ್ಟ ದುಡ್ಡಿಗಾದರೂ ಹೋಗಿ ಕೂರುತ್ತೇವೆ. ಪುಕ್ಕಟೆ ಪಾಠದಲ್ಲಿ ಹಾಗೆ ಕತ್ತಿನ ಪಟ್ಟಿ ಹಿಡಿದು ಕೂರಿಸುವವರು ಯಾರೂ ಇರುವುದಿಲ್ಲ. ಒಳ್ಳೆಯ ಪಾಠಗಳಿಗೆ ಈಗ ಬರವಿಲ್ಲ. ಬರ ಇರುವುದು ಯಾವ ಬಾಗಿಲು ತಟ್ಟಬೇಕು, ತಟ್ಟಿದ ಮೇಲೆ ಒಳಗೆ ಉಳಿಯುವುದು ಹೇಗೆ ಎಂಬುದಕ್ಕೆ. ಆ ಹತ್ತೊಂಬತ್ತು ಕೋರ್ಸುಗಳ ಪೆಟ್ಟು ತಿಂದ ಮೇಲೆ, ನಾನೂ ಕಲಿತು, ಸುತ್ತಮುತ್ತಲಿನ ಕೆಲವರನ್ನು ಕೂರಿಸಿಯೂ ನೋಡಿದ ಕ್ರಮ ಇಲ್ಲಿದೆ.

ಮೊದಲ ಹೆಜ್ಜೆ: ಒಂದು ಸಾಲು ಬರೆಯಿರಿ

ಮೊಬೈಲ್ ಮುಟ್ಟುವ ಮೊದಲು ಒಂದು ನೋಟ್ ಪುಸ್ತಕ ತೆಗೆದುಕೊಂಡು ಮೊದಲ ಪುಟದಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರೆಯಿರಿ: 'ಇದನ್ನು ಕಲಿತ ಮೇಲೆ ನಾನು ಏನನ್ನು ಮಾಡಬಲ್ಲೆ?' 'ಕಂಪ್ಯೂಟರ್ ಕಲಿಯಬೇಕು' ಎಂಬುದು ಉತ್ತರವಲ್ಲ. ಅದು ಕಾಶಿಗೆ ಹೋಗಬೇಕು ಎಂದ ಹಾಗೆ, ಎಂದೋ ಒಂದು ದಿನದ ಮಾತು.

ನಮ್ಮ ಹಿಂದಿನ ಬೀದಿಯಲ್ಲಿ ಹೊಲಿಗೆ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರೂ ಮೊದಲು ಬಂದು 'ಕಂಪ್ಯೂಟರ್ ಕಲಿಯಬೇಕಿತ್ತು' ಎಂದೇ ಹೇಳಿದರು. ಯಾತಕ್ಕೆ ಎಂದು ಕೆದಕಿದಾಗ ನಿಜ ಸಂಗತಿ ಹೊರಬಿತ್ತು. ಯಾರು ಎಷ್ಟು ಮುಂಗಡ ಕೊಟ್ಟಿದ್ದಾರೆ, ಯಾರದು ಎಷ್ಟು ಬಾಕಿ ಎಂಬ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಗೌರಿ ಹಬ್ಬದ ಹೊತ್ತಿಗೆ ಅದು ಯಾರಿಗೂ ಅರ್ಥವಾಗದ ಶಾಸನವಾಗಿಬಿಡುತ್ತಿತ್ತು. ಅವರ ಸಾಲು ಹೀಗಾಯಿತು: 'ಗಿರಾಕಿಗಳ ಬಾಕಿ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡಬೇಕು.' ಅಷ್ಟಕ್ಕೆ ಬೇಕಾದದ್ದು ಒಂದು ಸ್ಪ್ರೆಡ್‌ಶೀಟ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಚೌಕುಳಿ ಹಾಳೆ, ಅದರಲ್ಲೂ ಮೊದಲ ಐದಾರು ಪಾಠ. ಸಾಲು ಸಣ್ಣದಾದಷ್ಟೂ ಪಾಠ ಹುಡುಕುವ ಕೆಲಸ ಹಗುರವಾಗುತ್ತದೆ.

ಎರಡನೆಯ ಹೆಜ್ಜೆ: ಸಲಕರಣೆ

ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ವಿಡಿಯೊ ನೋಡಿ ಕಲಿಯುವುದಕ್ಕೆ ಮೊಬೈಲ್ ಸಾಕು. ಕೋಡ್ ಬರೆಯುವುದು, ಲೆಕ್ಕಪತ್ರ ಇಡುವುದು ಇಂಥವಕ್ಕೆ ಕೀಬೋರ್ಡ್ ಇರುವ ಯಂತ್ರ ಬೇಕು. ಮನೆಯಲ್ಲಿ ಇಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗ 'ಅರಿವು ಕೇಂದ್ರ' ಎಂದು ಬೋರ್ಡು ಹಾಕಿಕೊಂಡಿರುವಲ್ಲಿಗೆ ಒಮ್ಮೆ ಹೋಗಿ ನೋಡಿ. ಎಷ್ಟೋ ಕಡೆ ಕಂಪ್ಯೂಟರ್ ಇದೆ, ಅದರ ಮುಂದೆ ಕೂರುವವರಿಲ್ಲ.

ಡೇಟಾ ಉಳಿಸಲು ವಿಡಿಯೊದ ಗುಣಮಟ್ಟವನ್ನು 360ಕ್ಕೆ ಇಳಿಸಿಕೊಳ್ಳಿ. ಮೇಷ್ಟರ ಮುಖ ಸ್ಪಷ್ಟವಾಗಿ ಕಾಣದಿದ್ದರೆ ನಷ್ಟವಿಲ್ಲ, ಬೋರ್ಡಿನ ಅಕ್ಷರ ಕಂಡರೆ ಸಾಕು. ಇಂಗ್ಲಿಷ್ ಉಚ್ಚಾರಣೆ ಹಿಡಿಯಲು ಕಷ್ಟವಾದರೆ ವೇಗವನ್ನು 0.75ಕ್ಕೆ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನಾನು ಈಗಲೂ ಹಾಗೆಯೇ ನೋಡುತ್ತೇನೆ.

ಮೂರನೆಯ ಹೆಜ್ಜೆ: ನಿಮ್ಮ ಸಾಲಿಗೆ ತಕ್ಕ ಬಾಗಿಲು

ಶಾಲೆಯ ಪಾಠದಿಂದ ಶುರು ಮಾಡೋಣ. ಮಕ್ಕಳಿಗೆ ಮಾತ್ರ ಎಂದುಕೊಂಡು ಇದನ್ನು ದಾಟಿ ಮುಂದೆ ಹೋಗಬೇಡಿ. ಹತ್ತನೆಯ ತರಗತಿಯ ಗಣಿತ ಮರೆತುಹೋದವರು ಅಂಕಿಅಂಶ ಶಾಸ್ತ್ರ ಕಲಿಯಲು ಹೊರಟರೆ ಮೂರನೆಯ ವಾರ ಮುಗ್ಗರಿಸುವುದು ಖಂಡಿತ.

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದರಿಂದ ಹತ್ತನೆಯ ತರಗತಿವರೆಗಿನ ಪುಸ್ತಕಗಳು ಕನ್ನಡ, ಇಂಗ್ಲಿಷ್ ಮತ್ತಿತರ ಮಾಧ್ಯಮಗಳಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಒಂದೇ ಪಾಠವನ್ನು ಎರಡೂ ಮಾಧ್ಯಮಗಳಲ್ಲಿ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ಓದುವುದು ಒಂದು ಒಳ್ಳೆಯ ಉಪಾಯ. 'ದ್ಯುತಿಸಂಶ್ಲೇಷಣೆ' ಎಂದು ಓದಿದ ಮಗು ಮುಂದೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ 'ಫೋಟೋಸಿಂಥೆಸಿಸ್' ಎಂಬ ಪದ ಕೇಳಿ ಬೆಚ್ಚಿ ಬೀಳುವುದಿಲ್ಲ. ಪಿಯುಸಿ ವಿಜ್ಞಾನಕ್ಕೆ ನಮ್ಮಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳೇ ಇರುವುದರಿಂದ ಅವುಗಳನ್ನು ಎನ್‌ಸಿಇಆರ್‌ಟಿ ಜಾಲತಾಣದಿಂದಲೇ ಅಧ್ಯಾಯವಾರು ಇಳಿಸಿಕೊಳ್ಳಬಹುದು. ಪಠ್ಯಪುಸ್ತಕದ ಪುಟದಲ್ಲಿ ಕಾಣುವ ಕಪ್ಪು ಬಿಳುಪಿನ ಕ್ಯೂಆರ್ ಕೋಡ್ ಅಲಂಕಾರಕ್ಕೆ ಹಾಕಿದ್ದಲ್ಲ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ದೀಕ್ಷಾ ಆ್ಯಪಿನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸ ಪ್ರಶ್ನೆಗಳು ತೆರೆದುಕೊಳ್ಳುತ್ತವೆ.

ಗಣಿತಕ್ಕೆ ಖಾನ್ ಅಕಾಡೆಮಿ. ಸಲ್ಮಾನ್ ಖಾನ್ ಎಂಬವರು (ಸಿನಿಮಾದವರಲ್ಲ, ಅಮೆರಿಕದಲ್ಲಿರುವ ಇನ್ನೊಬ್ಬರು) 2004ರಲ್ಲಿ ದೂರದ ಊರಿನಲ್ಲಿದ್ದ ಸೋದರ ಸಂಬಂಧಿ ಹುಡುಗಿಗೆ ಗಣಿತ ಹೇಳಿಕೊಡಲು ಶುರು ಮಾಡಿದ್ದು ಬೆಳೆದು 2008ರಲ್ಲಿ ಲಾಭರಹಿತ ಸಂಸ್ಥೆಯಾಯಿತು. ಕನ್ನಡದ ಆವೃತ್ತಿಯೂ ಇದೆ. ಅದರ ನಿಜವಾದ ಬಲ ವಿಡಿಯೊಗಳಿಗಿಂತ ಅಭ್ಯಾಸದ ಲೆಕ್ಕಗಳಲ್ಲಿದೆ. ತಪ್ಪು ಉತ್ತರ ಕೊಟ್ಟಾಗ ಮುಂದಿನ ಹಂತದ ಸುಳಿವನ್ನು ಒಂದೊಂದಾಗಿ ಬಿಚ್ಚುತ್ತದೆ. ನಮ್ಮ ಕಾಲದ ಮೇಷ್ಟರಂತೆ ಕಿವಿ ಹಿಂಡುವುದಿಲ್ಲ.

ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ನನಗೆ ತುಂಬ ಇಷ್ಟವಾದದ್ದು ಫೆಟ್. ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದ ಪರದೆ ಮೇಲಿನ ಪ್ರಯೋಗಶಾಲೆ ಇದು. ಕೆಲವು ಪ್ರಯೋಗಗಳಿಗೆ ಕನ್ನಡ ಅನುವಾದವೂ ಇದೆ. ವಿದ್ಯುತ್ ಮಂಡಲದ ಪ್ರಯೋಗವನ್ನು ತೆರೆದು ನೋಡಿ. ಒಂದು ಬ್ಯಾಟರಿ, ಒಂದು ಬಲ್ಬು ಎಳೆದು ತಂದು ನಾಲ್ಕು ತಂತಿ ಜೋಡಿಸಿದರೆ ನೀಲಿ ಚುಕ್ಕಿಗಳಂತೆ ಎಲೆಕ್ಟ್ರಾನುಗಳು ಹರಿಯತೊಡಗುತ್ತವೆ, ಬಲ್ಬು ಬೆಳಗುತ್ತದೆ. ಇನ್ನೊಂದು ಬಲ್ಬನ್ನು ಅದೇ ಸಾಲಿನಲ್ಲಿ ಸೇರಿಸಿದರೆ ಎರಡೂ ಮಂಕಾಗುತ್ತವೆ. ಬೇರೆ ದಾರಿ ಮಾಡಿ ಅಕ್ಕಪಕ್ಕ ಸೇರಿಸಿದರೆ ಮಂಕಾಗುವುದಿಲ್ಲ. ಸರಣಿ ಜೋಡಣೆ, ಸಮಾಂತರ ಜೋಡಣೆ ಎಂದು ನಾವು ಬಾಯಿಪಾಠ ಮಾಡಿದ್ದು ಇದನ್ನೇ. ಈಗ ಬ್ಯಾಟರಿಯ ಎರಡು ತುದಿಗಳನ್ನು ಬಲ್ಬಿಲ್ಲದೆ ನೇರ ತಂತಿಯಿಂದ ಸೇರಿಸಿ. ಪರದೆಯಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ. ನನ್ನ ಅಣ್ಣನ ಮಗಳು ಒಂದು ಸಂಜೆಯೆಲ್ಲ ಬೇಕೆಂದೇ ಬೆಂಕಿ ಹಚ್ಚುತ್ತ ಕೂತಿದ್ದಳು. ಮರುದಿನ 'ಚಿಕ್ಕಪ್ಪ, ಮನೆಯ ಫ್ಯೂಸ್ ಹೋಗುವುದೂ ಹೀಗೆಯೇ ಅಲ್ಲವೇ?' ಎಂದು ಕೇಳಿದಳು.

ಕಂಪ್ಯೂಟರ್ ಬಳಕೆಗೆ ಕನ್ನಡದವರು ಮೊದಲು ತಟ್ಟಬೇಕಾದ ಬಾಗಿಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಇದನ್ನು ಕಟ್ಟಿದವರು ಅಲ್ಲಿ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ. ಲಿಬ್ರೆ ಆಫೀಸ್, ಲಿನಕ್ಸ್, ಪೈಥಾನ್ ಮುಂತಾದ, ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದಾದ ಮುಕ್ತ ತಂತ್ರಾಂಶಗಳ ಬಗ್ಗೆ ಸುಮಾರು ಹತ್ತು ಹತ್ತು ನಿಮಿಷಗಳ ಪಾಠಗಳು ಇಲ್ಲಿವೆ. ಬಹಳಷ್ಟಕ್ಕೆ ಕನ್ನಡದ ಧ್ವನಿ ಇದೆ. ಮಾತನಾಡುವವರ ಮುಖ ಕಾಣುವುದಿಲ್ಲ, ಪರದೆಯ ಮೇಲೆ ಮೌಸ್ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಕಾಣುತ್ತದೆ. ನೋಡುವ ಕ್ರಮವೂ ಅವರೇ ಹೇಳಿಕೊಟ್ಟದ್ದು: ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನೀವು ಕಲಿಯುತ್ತಿರುವ ತಂತ್ರಾಂಶ. ಅವರು ಒಂದು ಹೆಜ್ಜೆ ಇಟ್ಟೊಡನೆ ಪಾಠವನ್ನು ನಿಲ್ಲಿಸಿ ನೀವೂ ಅದೇ ಹೆಜ್ಜೆ ಇಡಬೇಕು. ಹತ್ತು ನಿಮಿಷದ ಪಾಠಕ್ಕೆ ಅರ್ಧ ಗಂಟೆ ಹಿಡಿದರೆ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಹತ್ತೇ ನಿಮಿಷದಲ್ಲಿ ಮುಗಿದಿದ್ದರೆ ನೀವು ಸಿನಿಮಾ ನೋಡಿದಿರಿ.

ಪ್ರೋಗ್ರಾಮಿಂಗ್ ಕಲಿಯುವವರಿಗೆ ಫ್ರೀಕೋಡ್‌ಕ್ಯಾಂಪ್ ಇದೆ. ಬ್ರೌಸರಿನಲ್ಲೇ ಕೋಡ್ ಬರೆಯುತ್ತ ಹೋಗಬಹುದು. ಪ್ರಮಾಣಪತ್ರಕ್ಕೂ ದುಡ್ಡಿಲ್ಲ. ಇನ್ನೂ ಗಟ್ಟಿ ಅಡಿಪಾಯ ಬೇಕೆಂದರೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಕೋರ್ಸು ಸಿಎಸ್50. ಡೇವಿಡ್ ಮಲಾನ್ ಪಾಠ ಮಾಡುವ ಧಾಟಿ ನಾಟಕದಂತಿರುತ್ತದೆ, ಮನೆಗೆಲಸದ ಲೆಕ್ಕಗಳು ಮಾತ್ರ ಬೆವರಿಳಿಸುತ್ತವೆ. ಇಲ್ಲೊಂದು ಗುಟ್ಟಿದೆ: ಇದೇ ಕೋರ್ಸಿಗೆ ಎಡ್‌ಎಕ್ಸ್ ಎಂಬ ಕೋರ್ಸುಗಳ ತಾಣದ ಮೂಲಕ ದುಡ್ಡಿನ ಪ್ರಮಾಣಪತ್ರ ಒಂದು, ಎಲ್ಲ ಲೆಕ್ಕಗಳನ್ನೂ ಕೊನೆಯ ಪ್ರಾಜೆಕ್ಟನ್ನೂ ಸಲ್ಲಿಸಿದವರಿಗೆ ಸಿಎಸ್50 ಬಳಗವೇ ಕೊಡುವ ಪುಕ್ಕಟೆ ಪ್ರಮಾಣಪತ್ರ ಇನ್ನೊಂದು. ಎರಡನೆಯದಕ್ಕೆ ನೀವು ತೆರುವ ಬೆಲೆ ನಿದ್ದೆಗೆಟ್ಟ ರಾತ್ರಿಗಳು.

ಕಾಲೇಜು ಮಟ್ಟದ ಪಾಠಕ್ಕೆ ಬಂದರೆ ನಮ್ಮದೇ ಎನ್‌ಪಿಟಿಇಎಲ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸೇರಿ 2003ರಲ್ಲಿ ಶುರು ಮಾಡಿದ್ದು. ಆಗ ಇಂಜಿನಿಯರಿಂಗ್ ಪಾಠಗಳೇ ಹೆಚ್ಚಿದ್ದವು; ಈಗ ಅರ್ಥಶಾಸ್ತ್ರ, ತತ್ತ್ವಶಾಸ್ತ್ರ, ಭಾಷಾವಿಜ್ಞಾನವೂ ಇವೆ. ಆಯ್ದ ಕೋರ್ಸುಗಳ ಪಾಠದ ಪಠ್ಯ ಕನ್ನಡಕ್ಕೂ ಅನುವಾದವಾಗಿದೆ. 2017ರಲ್ಲಿ ಬಂದ ಕೇಂದ್ರ ಸರ್ಕಾರದ ಕೋರ್ಸು ತಾಣ 'ಸ್ವಯಂ' ಇದಕ್ಕಿಂತ ದೊಡ್ಡ ಚಪ್ಪರ. ಅದರಡಿ ಎನ್‌ಪಿಟಿಇಎಲ್ ಅಲ್ಲದೆ ಯುಜಿಸಿ, ಇಗ್ನೊ, ಎನ್‌ಸಿಇಆರ್‌ಟಿ ಮುಂತಾದವರ ಕೋರ್ಸುಗಳೂ ಸೇರಿವೆ. ಮ್ಯಾನೇಜ್‌ಮೆಂಟ್ ವಿಷಯಗಳ ಹೊಣೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರಿನದು. ಇಂಟರ್‌ನೆಟ್ ಕೈಕೊಡುವ ಊರಿನವರಿಗೆ ಸ್ವಯಂ ಪ್ರಭಾ ಎಂಬ ಟಿವಿ ವಾಹಿನಿಗಳ ಗುಂಪೇ ಇದೆ, ಡಿಶ್ ಇದ್ದರೆ ಸಾಕು.

ಎನ್‌ಪಿಟಿಇಎಲ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕಲಿಯುವುದು ಪುಕ್ಕಟೆ, ಪರೀಕ್ಷೆ ಪುಕ್ಕಟೆಯಲ್ಲ ಎಂಬುದನ್ನು ತಿಳಿಯದೆ ಹಲವರು ಗೊಂದಲಕ್ಕೆ ಬೀಳುತ್ತಾರೆ. ಕೋರ್ಸುಗಳು ಸಾಮಾನ್ಯವಾಗಿ ಜನವರಿ ಮತ್ತು ಜುಲೈ ತಿಂಗಳಲ್ಲಿ ಶುರುವಾಗುತ್ತವೆ. 4, 8 ಅಥವಾ 12 ವಾರಗಳ ಅವಧಿ. ಹೆಸರು ಕೊಡಲು, ವಿಡಿಯೊ ನೋಡಲು, ವಾರವಾರದ ಅಸೈನ್‌ಮೆಂಟ್ ಬರೆಯಲು ಒಂದು ಪೈಸೆಯೂ ಬೇಡ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪ್ರತ್ಯೇಕವಾಗಿ ಪರೀಕ್ಷೆಗೆ ನೋಂದಾಯಿಸಿ ಶುಲ್ಕ ಕಟ್ಟಬೇಕು. ಅದು ಸಾಮಾನ್ಯವಾಗಿ ಒಂದು ಕೋರ್ಸಿಗೆ 1000 ರೂಪಾಯಿ. ಪರೀಕ್ಷೆಗೆ ಗೊತ್ತಾದ ಕೇಂದ್ರಕ್ಕೇ ಹೋಗಿ ಕೂರಬೇಕು, ಮನೆಯಲ್ಲಿ ಕೂತು ಬರೆಯುವಂತಿಲ್ಲ. ಈ ಪ್ರಮಾಣಪತ್ರಕ್ಕೆ ಬೆಲೆ ಬಂದಿರುವುದೂ ಅದರಿಂದಲೇ.

ಅಂಕದ ಲೆಕ್ಕ ಹೀಗೆ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಹನ್ನೆರಡು ವಾರದ ಕೋರ್ಸಿನಲ್ಲಿ ನೀವು ಚೆನ್ನಾಗಿ ಮಾಡಿದ ಎಂಟು ಅಸೈನ್‌ಮೆಂಟುಗಳ ಸರಾಸರಿಯನ್ನು ಮಾತ್ರ ಹಿಡಿಯುತ್ತಾರೆ. ಪಾಸಾಗಲು 25ರಲ್ಲಿ 10, 75ರಲ್ಲಿ 30 ಎರಡೂ ಬರಬೇಕು. ಎಂಟರ ಸರಾಸರಿ ಶೇ 80 ಬಂದರೆ ನಿಮಗೆ 20 ಅಂಕ. ಪರೀಕ್ಷೆಯಲ್ಲಿ 100ಕ್ಕೆ 50 ತೆಗೆದರೆ ಅದು 37.5 ಆಗುತ್ತದೆ. ಒಟ್ಟು 57.5, ಪಾಸು. ಮದುವೆ, ಜಾತ್ರೆ, ಜ್ವರ ಎಂದು ನಾಲ್ಕು ವಾರ ತಪ್ಪಿದರೂ ಕೋರ್ಸು ಕೈತಪ್ಪುವುದಿಲ್ಲ ಎಂಬುದು ಇದರಲ್ಲಿನ ದೊಡ್ಡ ಸಮಾಧಾನ. ನನ್ನ ಪರಿಚಯದ ಒಬ್ಬರು ಎರಡು ವಾರ ತಪ್ಪಿತೆಂದು ಬೇಸತ್ತು ಬಿಟ್ಟೇಬಿಟ್ಟರು. ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ.

ಪದವಿ ಓದುತ್ತಿರುವವರು ಸ್ವಯಂ ಕೋರ್ಸಿನ ಅಂಕವನ್ನು ತಮ್ಮ ಕಾಲೇಜಿನ ಕ್ರೆಡಿಟ್ಟಿಗೆ ಸೇರಿಸಿಕೊಳ್ಳಲು ಯುಜಿಸಿ ನಿಯಮದಲ್ಲಿ ಅವಕಾಶವಿದೆ. ಆದರೆ ಹೆಸರು ಕೊಡುವ ಮೊದಲು ನಿಮ್ಮ ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಪ್ರಮಾಣಪತ್ರ ಬಂದ ಮೇಲೆ ಕೇಳಿದರೆ 'ಈ ಕೋರ್ಸು ನಮ್ಮ ಪಟ್ಟಿಯಲ್ಲಿಲ್ಲವಲ್ಲ' ಎಂಬ ಉತ್ತರ ಸಿಕ್ಕರೂ ಸಿಗಬಹುದು.

ಇನ್ನು ಹೊರದೇಶದ ಬಾಗಿಲುಗಳು. ಅಮೆರಿಕದ ಎಂಐಟಿ 2001ರಲ್ಲಿ ತನ್ನ ಪಾಠಗಳನ್ನೆಲ್ಲ ಜಗತ್ತಿಗೆ ತೆರೆದಿಡುವುದಾಗಿ ಸಾರಿತು. ಓಪನ್‌ಕೋರ್ಸ್‌ವೇರ್ ಎಂಬ ಆ ಭಂಡಾರದಲ್ಲಿ ಈಗ 2500ಕ್ಕೂ ಹೆಚ್ಚು ಕೋರ್ಸುಗಳಿವೆ. ನೋಂದಣಿಯ ರಗಳೆ ಇಲ್ಲ, ಪ್ರಮಾಣಪತ್ರವೂ ಇಲ್ಲ. ತೆರೆದ ಅಂಗಡಿಗೆ ನುಗ್ಗಿ ಬೇಕಾದ್ದನ್ನು ಎತ್ತಿಕೊಂಡು ಹೋಗುವಷ್ಟು ಸಲೀಸು. ಅಲ್ಲಿ ಪಾಠ ಮಾಡುತ್ತಿದ್ದ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್ಜೀಬ್ರ ಪಾಠಗಳನ್ನು ಗಣಿತದಲ್ಲಿ ಆಸಕ್ತಿಯಿರುವ ಯಾರೇ ಆದರೂ ಒಮ್ಮೆ ನೋಡಬೇಕು. ಚಾಕ್‌ಪೀಸು, ಕಪ್ಪು ಹಲಗೆ, ಅವಸರವಿಲ್ಲದ ಮಾತು. ಅವರು 2023ರಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ಕೊನೆಯ ತರಗತಿ ಮುಗಿಸಿದಾಗ ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದ ವಿಡಿಯೊ ಕೂಡ ಇದೆ.

ಹಲವು ವಿಶ್ವವಿದ್ಯಾಲಯಗಳ ಕೋರ್ಸುಗಳನ್ನು ಒಂದೆಡೆ ಕೊಡುವ ಕೋರ್ಸೆರಾ, ಎಡ್‌ಎಕ್ಸ್ ತಾಣಗಳೆರಡೂ 2012ರಲ್ಲಿ ಹುಟ್ಟಿದವು. ಶುರುವಿನಲ್ಲಿ ಇದ್ದಷ್ಟು ಧಾರಾಳತನ ಈಗ ಅವುಗಳಲ್ಲಿ ಉಳಿದಿಲ್ಲ. ಪುಕ್ಕಟೆಯ ಬಾಗಿಲನ್ನು ದೊಡ್ಡ ನೀಲಿ ಬಟನ್ನಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅಡಗಿಸಿಡುತ್ತಾರೆ. 'ಆಡಿಟ್' ಎಂಬ ಪದವನ್ನು ಹುಡುಕಿ. ಅದನ್ನು ಒತ್ತಿದರೆ ಪ್ರಮಾಣಪತ್ರವಿಲ್ಲದೆ ಪಾಠ ನೋಡಬಹುದು. ಕೆಲವು ಕೋರ್ಸುಗಳಲ್ಲಿ ಮೊದಲ ಭಾಗ ಮಾತ್ರ ಪುಕ್ಕಟೆ, ಕೆಲವದರಲ್ಲಿ ಆ ಆಯ್ಕೆಯೇ ಇಲ್ಲ. ಕೋರ್ಸೆರಾದಲ್ಲಿ ಆರ್ಥಿಕ ನೆರವಿಗೆ ಅರ್ಜಿ ಹಾಕುವ ದಾರಿಯೂ ಇದೆ. ನಿಮ್ಮ ಆದಾಯ, ಈ ಕೋರ್ಸು ಏಕೆ ಬೇಕು ಎಂಬುದನ್ನು ಬರೆದು ಸುಮಾರು ಎರಡು ವಾರ ಕಾಯಬೇಕು. ಅಲ್ಲಿ ಮೊದಲ ಪುಟದ ಆ ಒಂದು ಸಾಲು ನೆರವಿಗೆ ಬರುತ್ತದೆ. ಗಡಿಬಿಡಿಯೇ ಬೇಡ ಎನ್ನುವವರಿಗೆ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಓಪನ್‌ಲರ್ನ್ ಒಳ್ಳೆಯದು. ಇತಿಹಾಸ, ಮನೋವಿಜ್ಞಾನ, ಹಣಕಾಸು ಎಲ್ಲವೂ ಸಣ್ಣ ಸಣ್ಣ ಕೋರ್ಸುಗಳಾಗಿವೆ, ಮುಗಿಸಿದವರಿಗೆ ಭಾಗವಹಿಸಿದ ಪತ್ರವನ್ನೂ ದುಡ್ಡಿಲ್ಲದೆ ಕೊಡುತ್ತಾರೆ.

ಭಾಷೆ ಕಲಿಯುವವರು ಆ್ಯಪಿನ ಅಂಕಗಳ ಆಟಕ್ಕೆ ಮರುಳಾಗದಿರುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಇನ್ನೂರು ದಿನ ಒಂದೂ ದಿನ ತಪ್ಪಿಸದೆ ಆಡಿದವರು ಒಂದು ಕಾಫಿ ಕೇಳಲು ತಡವರಿಸಿದ್ದನ್ನು ನೋಡಿದ್ದೇನೆ. ಇಂಗ್ಲಿಷಿಗೆ ಬಿಬಿಸಿಯ ಆರು ನಿಮಿಷದ ಪಾಠಗಳಿವೆ, ಬಸ್ಸಿನಲ್ಲಿ ಕೇಳಲು ಹೇಳಿಮಾಡಿಸಿದಂಥವು. ಜರ್ಮನ್ ಭಾಷೆಗೆ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆ ಕಟ್ಟಿರುವ ಕೋರ್ಸನ್ನು ಮೀರಿಸುವಂಥದ್ದನ್ನು ನಾನು ಕಂಡಿಲ್ಲ. ನಿಕೋ ಎಂಬ ಯುವಕ ಜರ್ಮನಿಗೆ ಬಂದಿಳಿದು ಬ್ಯಾಗು ಕಳೆದುಕೊಳ್ಳುವಲ್ಲಿಂದ ಕಥೆ ಶುರುವಾಗುತ್ತದೆ. ಅವನು ಪಡುವ ಪಾಡಿನ ಜೊತೆಯಲ್ಲೇ ನಾವೂ ಭಾಷೆ ಕಲಿಯುತ್ತೇವೆ. ನರ್ಸಿಂಗ್ ಓದಿ ಜರ್ಮನಿಯ ಕನಸು ಕಾಣುತ್ತಿರುವವರು ದುಬಾರಿ ತರಗತಿಗೆ ಸೇರುವ ಮೊದಲು ಎರಡು ತಿಂಗಳು ಇದನ್ನು ಮಾಡಿ ನೋಡಲಿ. ಜಪಾನಿ ಭಾಷೆಗೆ ಅಲ್ಲಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಕೂಡ ಇಂಥದ್ದೇ ಪಾಠ ನಡೆಸುತ್ತದೆ.

ಇವೆಲ್ಲದರ ನಡುವೆ ಕನ್ನಡವನ್ನೇ ಕಲಿಯಬೇಕೆನ್ನುವವರನ್ನು ಮರೆಯುವಂತಿಲ್ಲ. 'ಕನ್ನಡದಲ್ಲಿ ಏನಿದೆ?' ಎಂದು ಕೇಳುವವರು ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರು. ವಚನ ಸಂಚಯ ಎಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ, ಒಂದು ಪದ ಕೊಟ್ಟರೆ ಅದು ಬರುವ ವಚನಗಳನ್ನೆಲ್ಲ ಹೆಕ್ಕಿ ಕೊಡುತ್ತದೆ. 'ಕಾಯಕ' ಎಂದು ಹುಡುಕಿ ಬಂದದ್ದನ್ನೆಲ್ಲ ಒಂದೊಂದಾಗಿ ಓದಿದರೆ ಅದೇ ಒಂದು ತಿಂಗಳ ಕೋರ್ಸು. ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಕಟ್ಟಿದ ಅಲರ್ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣದಲ್ಲಿ ಹಲವು ನಿಘಂಟುಗಳನ್ನು ಒಂದೇ ಕಡೆ ನೋಡಬಹುದು. ಇಂಟರ್‌ನೆಟ್ ಆರ್ಕೈವ್ ಎಂಬ ಪುಕ್ಕಟೆ ಡಿಜಿಟಲ್ ಗ್ರಂಥಾಲಯದಲ್ಲಿ 1894ರ ಕಿಟೆಲ್ ನಿಘಂಟಿನಿಂದ ಹಿಡಿದು ಹಳೆಯ ಕನ್ನಡ ಪುಸ್ತಕಗಳ ರಾಶಿಯೇ ಇದೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅಕ್ಷರ ಕಲಿಸುತ್ತಿರುವವರು ನಮ್ಮ ಪಠ್ಯಪುಸ್ತಕ ಸಂಘದ ಒಂದನೆಯ ತರಗತಿಯ ಪುಸ್ತಕವನ್ನೇ ಇಳಿಸಿಕೊಂಡು ಶುರು ಮಾಡಬಹುದು.

ಬಿಡಿಬಿಡಿಯಾಗಿ ಇನ್ನೆರಡು. ಷೇರು ಮಾರುಕಟ್ಟೆ, ವಿಮೆ, ತೆರಿಗೆ ಅರ್ಥ ಮಾಡಿಕೊಳ್ಳಲು ಬೆಂಗಳೂರಿನ ಜೆರೋಧಾ ನಡೆಸುವ ವಾರ್ಸಿಟಿ ಇದೆ. ಪಾಠ ಚೊಕ್ಕವಾಗಿದೆ, ಆದರೆ ನಡೆಸುತ್ತಿರುವುದು ಷೇರು ದಲ್ಲಾಳಿ ಸಂಸ್ಥೆ ಎಂಬುದು ನೆನಪಿರಲಿ. ಪಾಠ ಓದಿದ ಹುರುಪಿನಲ್ಲಿ ಅದೇ ವಾರ ದುಡ್ಡು ಹಾಕಲು ಹೋಗಬೇಡಿ. ಹಕ್ಕಿ ನೋಡುವ ಆಸೆಯಿದ್ದವರಿಗೆ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್. ಹಿತ್ತಲಲ್ಲಿ ಕೂಗುತ್ತಿರುವುದು ಯಾವ ಹಕ್ಕಿ ಎಂದು ದನಿ ಕೇಳಿಯೇ ಹೇಳಲು ಯತ್ನಿಸುತ್ತದೆ. ಕಂಡ ಹಕ್ಕಿಗಳನ್ನು ದಾಖಲಿಸಿಡುವ ಅವರದೇ ತಾಣ ಇ-ಬರ್ಡ್ ಬಳಸುವುದನ್ನು ಹೇಳಿಕೊಡುವ ಪುಕ್ಕಟೆ ಕೋರ್ಸೂ ಇದೆ.

ನಾಲ್ಕನೆಯ ಹೆಜ್ಜೆ: ಹೆಸರು ಕೊಡುವ ಮೊದಲು ಮೂರು ದಿನ

ಬಾಗಿಲು ಸಿಕ್ಕಿತೆಂದು ಕೂಡಲೇ ನೋಂದಾಯಿಸಬೇಡಿ. ಮೊದಲ ಪಾಠವನ್ನು ಯೂಟ್ಯೂಬಿನಲ್ಲೋ ಮಾದರಿ ಪುಟದಲ್ಲೋ ನೋಡಿ. ಎರಡನೆಯ ದಿನ, ನೋಡಿದ್ದನ್ನು ನೋಟ್ ಪುಸ್ತಕದಲ್ಲಿ ನಿಮ್ಮ ಮಾತಿನಲ್ಲಿ ಐದು ಸಾಲು ಬರೆಯಲು ಯತ್ನಿಸಿ. ಬರೆಯಲು ಆಗಲೇ ಇಲ್ಲವೆಂದರೆ ಪಾಠ ನಿಮಗಿಂತ ಒಂದು ಮೆಟ್ಟಿಲು ಮೇಲಿದೆ, ಕೆಳಗಿನ ಮೆಟ್ಟಿಲು ಹುಡುಕಿ. ಮೂರನೆಯ ದಿನ ಕೋರ್ಸಿನ ನಡುಮಧ್ಯದ ಒಂದು ಪಾಠಕ್ಕೆ ಹಾರಿ ಇಣುಕಿ ನೋಡಿ. ಅಲ್ಲಿಯವರೆಗೆ ಹೋಗುವ ಆಸೆ ಹುಟ್ಟಿದರೆ ಆಗ ಹೆಸರು ಕೊಡಿ. ಮತ್ತೆ, ಒಂದು ಸಲಕ್ಕೆ ಒಂದೇ ಕೋರ್ಸು. ಇನ್ನೊಂದು ಕಣ್ಣಿಗೆ ಬಿದ್ದರೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟು ಮರೆತುಬಿಡಿ.

ನೋಂದಣಿಗೆ ಇಮೇಲ್ ಕೇಳುವುದು ಸಹಜ. ಆಧಾರ್ ಸಂಖ್ಯೆ, ಒಟಿಪಿ ಕೇಳಿದರೆ ಅಲ್ಲಿಂದ ಎದ್ದುಬನ್ನಿ. 'ಏಳು ದಿನ ಉಚಿತ' ಎಂದು ಬ್ಯಾಂಕ್ ಕಾರ್ಡ್ ವಿವರ ಕೇಳುವ ಕಡೆ, ನೀವು ಮರೆಯದೆ ರದ್ದು ಮಾಡದಿದ್ದರೆ, ಎಂಟನೆಯ ದಿನ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ. ನನ್ನದು ಒಮ್ಮೆ ಹೋಗಿದೆ, ವಾಪಸ್ ಬಂದಿಲ್ಲ. ಪಾಠವೇ ಇಲ್ಲದೆ ನೂರಿನ್ನೂರು ರೂಪಾಯಿಗೆ ಬಣ್ಣದ ಪ್ರಮಾಣಪತ್ರ ಕಳಿಸುವವರೂ ಇದ್ದಾರೆ. ಗೋಡೆಗೆ ತೂಗುಹಾಕಲು ಅದಕ್ಕಿಂತ ದೇವರ ಫೋಟೋ ಚೆನ್ನ.

ಐದನೆಯ ಹೆಜ್ಜೆ: ಹೊತ್ತು ಗೊತ್ತು ಮಾಡಿ

'ಬಿಡುವಾದಾಗ ಕಲಿಯುತ್ತೇನೆ' ಎಂದವರು ಕಲಿತದ್ದನ್ನು ನಾನು ನೋಡಿಲ್ಲ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಲವತ್ತು ನಿಮಿಷ ಸಾಕು, ಆದರೆ ಅದು ಪ್ರತಿ ಸಲವೂ ಅದೇ ಹೊತ್ತಿಗೆ ಆಗಲಿ. ಹೊಲಿಗೆಯ ಅಕ್ಕ ಆರಿಸಿಕೊಂಡದ್ದು ಮಧ್ಯಾಹ್ನ ಎರಡೂವರೆ. ಊಟವಾಗಿ, ಗಿರಾಕಿಗಳು ಬಾರದ ಹೊತ್ತು ಅದು. ನಲವತ್ತರಲ್ಲಿ ಇಪ್ಪತ್ತು ನಿಮಿಷ ಪಾಠ, ಉಳಿದ ಇಪ್ಪತ್ತು ನಿಮಿಷ ಪಾಠ ಮುಚ್ಚಿ ಕೈಯಾರೆ ಮಾಡುವುದು. ಶನಿವಾರ ಹೊಸ ಪಾಠ ಇಲ್ಲ. ಆ ವಾರ ಕಲಿತದ್ದನ್ನು ಮನೆಯ ಯಾರಿಗಾದರೂ ವಿವರಿಸಬೇಕು. ಅಕ್ಕ ತಮ್ಮ ಅತ್ತೆಗೆ ವಿವರಿಸುತ್ತಿದ್ದರು. ಅತ್ತೆಗೆ ಸ್ಪ್ರೆಡ್‌ಶೀಟ್ ಬಂದಿತೋ ಇಲ್ಲವೋ, ಯಾವ ಗಿರಾಕಿ ಎಷ್ಟು ಬಾಕಿ ಎಂಬುದಂತೂ ಬಾಯಿಗೆ ಬಂದಿತು.

ಆರನೆಯ ಹೆಜ್ಜೆ: ಸಿಕ್ಕಿಬಿದ್ದಾಗ ಕೇಳುವ ಕ್ರಮ

ಒಂದಲ್ಲ ಒಂದು ಕಡೆ ಸಿಕ್ಕಿಬೀಳುತ್ತೀರಿ. ಕೋರ್ಸು ಬಿಟ್ಟುಹೋಗುವುದು ಹೆಚ್ಚಾಗಿ ಅಲ್ಲಿಯೇ. ಬಹುತೇಕ ಎಲ್ಲ ತಾಣಗಳಲ್ಲೂ ಪ್ರಶ್ನೆ ಕೇಳುವ ಜಾಗ ಇರುತ್ತದೆ, ಆದರೆ 'ಅರ್ಥ ಆಗಲಿಲ್ಲ, ಸಹಾಯ ಮಾಡಿ' ಎಂದು ಬರೆದರೆ ಯಾರೂ ಉತ್ತರಿಸುವುದಿಲ್ಲ, ಉತ್ತರಿಸಲು ಆಗುವುದೂ ಇಲ್ಲ. ಸ್ಪೋಕನ್ ಟ್ಯುಟೋರಿಯಲ್‌ನವರು ಇದಕ್ಕೆ ಒಂದು ಜಾಣ ಏರ್ಪಾಡು ಮಾಡಿದ್ದಾರೆ. ಪ್ರಶ್ನೆ ಕೇಳುವಾಗ ಪಾಠದ ಎಷ್ಟನೆಯ ನಿಮಿಷ, ಎಷ್ಟನೆಯ ಸೆಕೆಂಡಿನಲ್ಲಿ ಸಂಶಯ ಬಂತು ಎಂಬುದನ್ನು ಆರಿಸಬೇಕು. ಆ ಏರ್ಪಾಡು ಇಲ್ಲದ ಕಡೆಯೂ ನೀವೇ ಅದನ್ನು ಬರೆಯಿರಿ. ಜೊತೆಗೆ ಮೂರು ಸಂಗತಿ ಸೇರಿಸಿ: ನಾನು ಏನು ಮಾಡಿದೆ, ಏನಾಗಬೇಕೆಂದು ಎಣಿಸಿದ್ದೆ, ನಿಜವಾಗಿ ಏನಾಯಿತು.

ಅಕ್ಕ ಒಂದು ಮಧ್ಯಾಹ್ನ ಗಾಬರಿಯಿಂದ ಫೋನ್ ಮಾಡಿ 'ನನ್ನ ಲೆಕ್ಕವೆಲ್ಲ ಹಾಳಾಯಿತು' ಎಂದರು. ಅದೇ ಮೂರನ್ನು ಒಂದೊಂದಾಗಿ ಕೇಳಿದೆ. 'ಒಟ್ಟು ಮೊತ್ತದಲ್ಲಿ ಮುಂಗಡ ಕಳೆದು ಬಾಕಿ ಎಂಬ ಕಾಲಮಿನಲ್ಲಿ ಬರುವಂತೆ ಸೂತ್ರ ಹಾಕಿದೆ. ಮೊದಲು ಸಂಖ್ಯೆ ಬಂತು. ಪುಟ ಸಣ್ಣದಾಗಿ ಚೆನ್ನಾಗಿ ಕಾಣಲಿ ಎಂದು ಕಾಲಮುಗಳನ್ನು ಒತ್ತೊತ್ತಾಗಿ ಮಾಡಿದೆ. ಈಗ ಸಂಖ್ಯೆಯ ಜಾಗದಲ್ಲಿ ಬರೀ ಏಣಿಯಂಥ ಗುರುತುಗಳಿವೆ' ಎಂದರು. ಪ್ರಶ್ನೆಯೊಳಗೇ ಉತ್ತರವಿತ್ತು. ಸಂಖ್ಯೆ ಹಿಡಿಸದಷ್ಟು ಕಾಲಮು ಕಿರಿದಾದರೆ ಸ್ಪ್ರೆಡ್‌ಶೀಟ್ ಆ ಹ್ಯಾಶ್ ಗುರುತುಗಳನ್ನು ತೋರಿಸುತ್ತದೆ, ಲೆಕ್ಕಕ್ಕೆ ಏನೂ ಆಗಿರುವುದಿಲ್ಲ. ಕಾಲಮಿನ ಗೆರೆಯನ್ನು ಹಿಡಿದು ಬಲಕ್ಕೆ ಎಳೆಯಲು ಹೇಳಿದೆ.

ಫೋನಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಕ್ಕರು. 'ಓ, ಬಿಗಿಯಾಗಿತ್ತು. ಒಂದು ಹೊಲಿಗೆ ಬಿಚ್ಚಬೇಕಿತ್ತು, ಅಷ್ಟೇ.'